ಆರನೆಯ ಫ್ರೇಮಿನ ಹೊಗೆ

ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿ ತಲೆಯೆತ್ತಿದರೆ, ನಾನು ಫೋಟೋ ತೆಗೆದ ಬೆಟ್ಟ ಉಲ್ಟಾ ನಿಂತಿತ್ತು. ತಲೆಕೆಳಗಾಗಿ ಅಲ್ಲ, ಕನ್ನಡಿಯಲ್ಲಿ ಕಂಡ ಹಾಗೆ. ಎಡಗಡೆಯದೆಲ್ಲ ಬಲಕ್ಕೆ, ಬಲಗಡೆಯದೆಲ್ಲ ಎಡಕ್ಕೆ. ಎರಡು ಕಬ್ಬಿಣದ ಕಂಬಗಳ ಮೇಲೆ ಲಾರಿಯಷ್ಟು ಉದ್ದದ ಬೋರ್ಡು, ಅದರ ತುಂಬ ಚಾಮುಂಡಿ ಬೆಟ್ಟ, ಡಿಸೆಂಬರಿನ ಬೆಳಗು, ಮಂಜು, ಕೆರೆ. ಕೆಳಗೆ ದಪ್ಪಕ್ಷರದಲ್ಲಿ ‘ಪ್ರತಿ ಬಾಲ್ಕನಿಯಿಂದಲೂ ತಾಯಿಯ ದರ್ಶನ’ ಎಂದು ಬರೆದಿತ್ತು. ಹಸಿರು ದೀಪ ಬಂದು ಎಷ್ಟು ಹೊತ್ತಾಗಿತ್ತೋ, ಹಿಂದಿನವರು ಹಾರನ್ ಬಡಿಯುತ್ತಿದ್ದರು. ಸ್ಕೂಟರನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗಿ ಆ ಕಂಬಕ್ಕೊಂದು ಒದ್ದೆ. ಕಾಲು ನೋಯಿತೇ ಹೊರತು ಸಿಟ್ಟು ಇಳಿಯಲಿಲ್ಲ.

ಅದು ನಿಮ್ಮದೇ ಫೋಟೋ ಅಂತ ಹೇಗೆ ಗೊತ್ತಾಯಿತು ಎಂದು ಆಮೇಲೆ ಒಬ್ಬರು ನನ್ನನ್ನೇ ಕೇಳಿದರು. ಎಂಥ ಪ್ರಶ್ನೆ! ಆ ಚಿತ್ರದ ಬಲತುದಿಯಲ್ಲಿ, ವರ್ಷಕ್ಕೆ ನಾಲ್ಕೈದು ಬೆಳಗು ಮಾತ್ರ ಕಾಣುವ ದೂರದ ನೀಲಗಿರಿಯ ತೆಳ್ಳನೆಯ ಗೆರೆ ಇದೆ. ಅದಕ್ಕಾಗಿ ನಾನು ಐದು ಚಳಿಗಾಲ ಕಾದಿದ್ದೆ. ಬೋರ್ಡಿನಲ್ಲಿ ಆ ಗೆರೆ ಎಡತುದಿಗೆ ಬಂದು ಕೂತಿತ್ತು. ನೀಲಗಿರಿಯನ್ನು ಎತ್ತಿ ಬೆಂಗಳೂರಿನ ದಿಕ್ಕಿಗೆ ಇಟ್ಟಿದ್ದರು, ಮತ್ತು ಈ ಊರಿನಲ್ಲಿ ಒಬ್ಬರಾದರೂ ಅದನ್ನು ಗಮನಿಸಿರಲಿಲ್ಲ. ದಿನಾ ಬೆಳಗೆದ್ದು ಕೈ ಮುಗಿಯುವ ಬೆಟ್ಟದ ಎಡಬಲ ಗೊತ್ತಿಲ್ಲದ ಜನ!

ನನ್ನ ಸಿಟ್ಟು ಅರ್ಥವಾಗಬೇಕಾದರೆ ನನ್ನ ಕೆಲಸ ಹೇಳಬೇಕು. ಚಾಮರಾಜಪುರಂನಲ್ಲಿ ನಮ್ಮಪ್ಪ ಬಿಟ್ಟುಹೋದ ಪುಟ್ಟ ಸ್ಟುಡಿಯೋ ನನ್ನದು. ಮದುವೆಯ ಫೋಟೋಗಳನ್ನು ಡ್ರೋನಿನವರು ಹೊತ್ತುಕೊಂಡು ಹೋದ ಮೇಲೆ ನನಗೆ ಉಳಿದದ್ದು ಪಾಸ್‌ಪೋರ್ಟ್ ಸೈಜು. ಬೆಳಗಿನಿಂದ ಸಂಜೆಯವರೆಗೆ ಜನ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ, ನಾನು ಗಲ್ಲ ಎತ್ತಿಸಿ ಕ್ಲಿಕ್ಕಿಸುತ್ತೇನೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಒರೆಸುತ್ತೇನೆ. ಮೊಡವೆ ಒರೆಸುತ್ತೇನೆ, ಕಣ್ಣಿನ ಕೆಳಗಿನ ಕಪ್ಪು ಒರೆಸುತ್ತೇನೆ, ಕಾಲರಿನ ಕೊಳೆ ಒರೆಸುತ್ತೇನೆ. ಯಾರೂ ಕೇಳಬೇಕಾಗಿಲ್ಲ, ಕೈ ತಾನಾಗಿ ಹೋಗುತ್ತದೆ. ಇಷ್ಟು ವರ್ಷದಲ್ಲಿ ಈ ಊರಿನ ಅದೆಷ್ಟು ಮುಖಗಳ ಮೇಲಿನ ಗುರುತುಗಳನ್ನು ನಾನು ಅಳಿಸಿದ್ದೇನೋ, ಆ ಚಾಮುಂಡಿಗೇ ಗೊತ್ತು.

ಈ ಒರೆಸುವ ಕೆಲಸ ಸಾಕಾದಾಗಲೇ ಬೆಟ್ಟದ ಹುಚ್ಚು ಹಿಡಿದದ್ದು. ಬೆಟ್ಟ ಗಲ್ಲ ಎತ್ತುವುದಿಲ್ಲ, ನನ್ನ ಮೂಗು ದಪ್ಪ ಬಂದಿದೆ ಎಂದು ಜಗಳ ತೆಗೆಯುವುದಿಲ್ಲ. ಆದರೆ ಅದು ಒಂದು ಫ್ರೇಮಿಗೆ ಹಿಡಿಸುವುದೂ ಇಲ್ಲ. ಅಗಲದ ಲೆನ್ಸ್ ಹಾಕಿದರೆ ಬೆಟ್ಟ ಇಡ್ಲಿಯಷ್ಟಾಗುತ್ತದೆ. ಹಾಗಾಗಿ ಕ್ಯಾಮೆರಾವನ್ನು ಉದ್ದುದ್ದಕ್ಕೆ ನಿಲ್ಲಿಸಿ, ಎಡದಿಂದ ಬಲಕ್ಕೆ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಒಂಬತ್ತು ಫ್ರೇಮು ತೆಗೆಯುತ್ತೇನೆ. ಪ್ರತಿಯೊಂದರ ಅಂಚೂ ಪಕ್ಕದ್ದರ ಮೇಲೆ ಮೂರನೇ ಒಂದು ಪಾಲು ಹತ್ತಿಕೊಂಡಿರಬೇಕು. ಆಮೇಲೆ ಒಂಬತ್ತನ್ನೂ ಸೇರಿಸಿ ಹೊಲಿಯಬೇಕು. ಬೆಳಕು ಬದಲಾಗುವ ಮೊದಲು, ಅಂದರೆ ಒಂದು ನಿಮಿಷದೊಳಗೆ, ಒಂಬತ್ತೂ ಮುಗಿಯಬೇಕು. ಇಲ್ಲದಿದ್ದರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಬರುತ್ತದೆ. ಇಷ್ಟೆಲ್ಲ ಮಾಡುತ್ತ ಬೆರಳು ಮರಗಟ್ಟಿ ನಿಂತಿರುವಾಗ, ಸ್ವೆಟರು ಮಂಕಿಕ್ಯಾಪಿನ ವಾಕಿಂಗ್ ಮಹಾಶಯರೊಬ್ಬರು ಪಕ್ಕಕ್ಕೆ ಬಂದು, “ಮೊಬೈಲಲ್ಲೇ ಪನೋರಮಾ ಬರತ್ತಲ್ಲಾ ಮೇಡಂ, ಹೀಗಂದ್ರೆ ಆಯ್ತು” ಎಂದು ಕೈಯನ್ನು ಆರತಿ ಎತ್ತಿದ ಹಾಗೆ ತಿರುಗಿಸಿ ತೋರಿಸುತ್ತಾರೆ. ಇಂಥವರು ಪ್ರತಿ ಚಳಿಗಾಲದಲ್ಲೂ ಒಬ್ಬರು ಸಿಕ್ಕೇ ಸಿಗುತ್ತಾರೆ.

ನನಗೆ ಬೇಕಾಗಿದ್ದದ್ದು ಬೆಟ್ಟದ ಹಿಂದಿನಿಂದ ಹುಟ್ಟುವ ಸೂರ್ಯ. ಕುವೆಂಪುನಗರದ ನಮ್ಮ ಮನೆಯ ತಾರಸಿಯಿಂದ ಡಿಸೆಂಬರಿನ ಸೂರ್ಯ ಬೆಟ್ಟವನ್ನು ಬಿಟ್ಟು ಬಲಕ್ಕೆ ಹುಟ್ಟುತ್ತಾನೆ. ವಾಯವ್ಯಕ್ಕೆ ಸರಿಯುತ್ತ ಸರಿಯುತ್ತ, ನಾಲ್ಕು ಕಡೆ ನಿಂತು ನೋಡಿ, ಕೊನೆಗೆ ಬೋಗಾದಿಗೆ ಬಂದೆ. ಅಲ್ಲಿಂದ, ವರ್ಷದ ಅತಿ ಚಿಕ್ಕ ಹಗಲುಗಳ ಆ ಒಂದೆರಡು ವಾರ ಮಾತ್ರ, ಸೂರ್ಯ ನೇರ ಬೆಟ್ಟದ ಬೆನ್ನಿನಿಂದಲೇ ಏಳುತ್ತಾನೆ. ಹೊಸ ಬಡಾವಣೆಗಳ ನಡುವೆ ಸಿಕ್ಕಿಹಾಕಿಕೊಂಡ ಹಳೆಯ ಊರಿನಲ್ಲಿ ಎರಡಂತಸ್ತಿನ ಮನೆಯೊಂದಿತ್ತು. ಮುಂದೆ ಖಾಲಿ ಜಾಗ, ಅದರಾಚೆ ಬಲಕ್ಕೆ ಕೆರೆ, ಕೆರೆಯಾಚೆ ನಾಲ್ಕು ತೆಂಗು, ಅದರ ಹಿಂದೆ ಬೆಟ್ಟ. ಹೋಗಿ ಬಾಗಿಲು ತಟ್ಟಿದೆ.

ಹಣೆಯ ತುಂಬ ವಿಭೂತಿ ಇಟ್ಟುಕೊಂಡ ಅಜ್ಜಿಯೊಬ್ಬರು ಬಾಗಿಲು ತೆಗೆದರು. ಮೇಲೆ ಹೋಗಿ ಬೆಟ್ಟದ ಫೋಟೋ ತೆಗೆಯಬಹುದೇ ಎಂದು ಕೇಳಿದೆ.

“ಬೆಟ್ಟಕ್ಕಾ?” ಎಂದರು. “ಯಾಕವ್ವ, ಅದ್ಕೇನ್ ಮದ್ವೆಯಾ?”

ಅಲ್ಲಿಂದ ಶುರುವಾಯಿತು ನಮ್ಮ ಸ್ನೇಹ. ಕೆಳಗಿನ ಮನೆಯಲ್ಲಿ ಅಜ್ಜಿ, ಮಗ, ಸೊಸೆ. ಮೇಲಿನ ಮನೆಯಲ್ಲಿ ಬಾಡಿಗೆಗೆ ಕಾಲೇಜಿನ ಹುಡುಗಿಯರು. ಪ್ರತಿ ಡಿಸೆಂಬರಿನಲ್ಲಿ ನಾನು ಕತ್ತಲು ಹರಿಯುವ ಹೊತ್ತಿಗೆ ಹೋಗಿ ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಟ್ರೈಪಾಡ್ ಊರುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅಜ್ಜಿ ಶಾಲು ಹೊದ್ದು, ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಕೈಪಿಡಿ ಗೋಡೆಗೆ ಆತು ಕೈ ಮುಗಿದು ನಿಲ್ಲುತ್ತಿದ್ದರು. ನಾನು ಒಂಬತ್ತು ಫ್ರೇಮು ಮುಗಿಸಿ, ಟ್ರೈಪಾಡ್ ಮಡಚಿ, ಚೀಲಕ್ಕೆ ತುಂಬಿದರೂ ಅವರ ಕೈ ಮುಗಿದೇ ಇರುತ್ತಿತ್ತು. ಬೆಟ್ಟಕ್ಕೆ ನೇರವಾಗಿ ನಿಲ್ಲದೆ ಸ್ವಲ್ಪ ಬಲಕ್ಕೆ ತಿರುಗಿರುತ್ತಿದ್ದರು. ವಯಸ್ಸಾದ ಕಣ್ಣು, ಅಂದಾಜು ತಪ್ಪುತ್ತದೆ ಎಂದುಕೊಂಡಿದ್ದೆ. ಆ ಭಕ್ತಿ ನನಗಿಲ್ಲವಲ್ಲ ಎಂದು ನಾಚಿಕೆಯೂ ಆಗುತ್ತಿತ್ತು.

ಹೋದ ವರ್ಷದ ಡಿಸೆಂಬರಿಗೆ ಹೋದಾಗ ಎದುರಿನ ಖಾಲಿ ಜಾಗಕ್ಕೆ ತಗಡಿನ ಬೇಲಿ ಬಂದಿತ್ತು. ಒಳಗೆ ಜೆಸಿಬಿ ಗುಂಡಿ ತೋಡುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಈ ಊರಿನಲ್ಲಿ ಕಟ್ಟಲು ಬೇರೆ ಜಾಗವೇ ಇಲ್ಲವೆ? ಬೆಟ್ಟ ಕಾಣುವ ಒಂದು ಸಂದು ಉಳಿದಿದ್ದರೆ ಅದನ್ನು ಹುಡುಕಿಕೊಂಡೇ ಬರುತ್ತಾರೆ, ಮುಚ್ಚುತ್ತಾರೆ, ಆಮೇಲೆ ಅದೇ ಬೆಟ್ಟವನ್ನು ಮೇಲಂತಸ್ತಿನವರಿಗೆ ಮಾರುತ್ತಾರೆ. ನಾನು ಕೂಗಾಡಿದೆ. ಅಜ್ಜಿ ಕೂಗಾಡಲಿಲ್ಲ. ಕೈಪಿಡಿ ಗೋಡೆ ಹಿಡಿದುಕೊಂಡು ಗುಂಡಿಯನ್ನೇ ನೋಡುತ್ತಿದ್ದರು.

“ಎಷ್ಟಂತಸ್ತಂತೆ?” ಎಂದರು.

“ಐದಂತೆ ಅಜ್ಜಿ.”

“ಅಂಗಾರೆ ಏನೂ ಕಾಣ್ಸದಿಲ್ಲ ಬುಡು.” ನನ್ನ ಕಡೆ ತಿರುಗಿದರು. “ನಂಗೂ ಒಂದು ಪಟ ತಗ್ದುಕೊಡವ್ವ. ಇಲ್ಲಿಂದ ಏನೇನ್ ಕಾಣ್ತದೋ ಎಲ್ಲಾ ಇರ್ಬೇಕು ಅದ್ರೊಳ್ಗೆ. ಒಂದೂ ಬುಡ್ಬೇಡ.”

ಐದು ವರ್ಷದಲ್ಲಿ ಅವರು ನನ್ನಿಂದ ಕೇಳಿದ್ದು ಅದೊಂದೇ. ಪ್ರತಿ ಬೆಳಗ್ಗೆ ಕಾಫಿ ಕೊಟ್ಟವರು, ಮಳೆಹನಿ ಬಿದ್ದಾಗ ತಮ್ಮ ಶಾಲನ್ನು ಕ್ಯಾಮೆರಾಕ್ಕೆ ಹೊದಿಸಿದವರು. ಎಂಥ ಪಟ ಮಾಡಿಕೊಡುತ್ತೇನೆ ನೋಡುತ್ತಿರಿ ಎಂದೆ.

ಅದರ ಮೂರನೆಯ ದಿನ ಅಂಥದೊಂದು ಬೆಳಗು ಬಂತು. ಹಿಂದಿನ ರಾತ್ರಿ ಗಾಳಿ ಬೀಸಿ ದೂಳು ಕೂತಿತ್ತು. ಕೆರೆಯ ಮೇಲೆ ಮೊಣಕಾಲೆತ್ತರಕ್ಕೆ ಮಾತ್ರ ಮಂಜು. ಬೆಟ್ಟದ ಅಂಚು ಮೊದಲು ಕೆಂಪಾಗಿ, ಆಮೇಲೆ ಹಿತ್ತಾಳೆಯ ಬಣ್ಣಕ್ಕೆ ತಿರುಗಿ, ಸೂರ್ಯ ಇನ್ನೇನು ಹೊರಗೆ ಬರಬೇಕು ಎನ್ನುವಾಗ ಬಲತುದಿಯಲ್ಲಿ ನೀಲಗಿರಿಯ ಗೆರೆ ಕಾಣಿಸಿತು. ಉಸಿರು ಬಿಗಿಹಿಡಿದು ತಿರುಗಿಸಿದೆ. ಒಂದು, ಎರಡು, ಮೂರು. ಐದನೆಯದು ಬೆಟ್ಟದ ನಡು. ಆರು ಏಳು ಕೆರೆ. ಒಂಬತ್ತನೆಯದಕ್ಕೆ ಶಟರ್ ಮುಚ್ಚಿದಾಗ ನನಗೆ ಅಳು ಬಂದಿತ್ತು. ಖುಷಿಗೇ.

ಸ್ಟುಡಿಯೋಗೆ ಬಂದು ಹೊಲಿಯಲು ಕೂತೆ. ಎಂಟು ಹೊಲಿಗೆಗಳಲ್ಲಿ ಏಳು ಗುರುತೇ ಸಿಗದಂತೆ ಕೂಡಿಕೊಂಡವು. ಆರಕ್ಕೂ ಏಳಕ್ಕೂ ನಡುವಿನದು ಮಾತ್ರ ಕೂಡಲಿಲ್ಲ. ದೊಡ್ಡದು ಮಾಡಿ ನೋಡಿದರೆ ಕೆರೆಯಾಚೆಯ ದಂಡೆಯಲ್ಲಿ, ತೆಂಗಿನ ಮರಗಳ ಬುಡದಲ್ಲಿ, ಯಾರದೋ ಹೆಂಚಿನ ಮನೆಯ ಹಿಂದಿನಿಂದ ಒಂದೆಳೆ ಹೊಗೆ ಏಳುತ್ತಿತ್ತು. ಕ್ಯಾಮೆರಾ ಆರರಿಂದ ಏಳಕ್ಕೆ ತಿರುಗುವಷ್ಟರಲ್ಲಿ ಗಾಳಿಗೆ ಅದು ಬಾಗಿತ್ತು. ಹಾಗಾಗಿ ಸೇರಿಸಿದ ಚಿತ್ರದಲ್ಲಿ ಹೊಗೆ ಎರಡಾಗಿ, ಒಂದು ನೆಟ್ಟಗೆ ಒಂದು ವಾರೆಯಾಗಿ, ನಡುವೆ ಮುರಿದು ಕಾಣುತ್ತಿತ್ತು. ಇಷ್ಟು ನಿರ್ಮಲವಾದ ಬೆಳಗಿಗೆ ಇದೊಂದು ಮಸಿ! ಯಾರು ಈ ಕಾಲದಲ್ಲೂ ಸೌದೆ ಒಲೆ ಹಚ್ಚುವವರು ಎಂದು ಬೈದುಕೊಂಡೆ. ಎರಡನ್ನೂ ಒರೆಸಿ, ಆ ಜಾಗಕ್ಕೆ ಪಕ್ಕದ ಮಂಜನ್ನು ಎಳೆದು ಹಾಕಿದೆ. ಕೈ ಇಟ್ಟಮೇಲೆ ಎರಡು ಕರೆಂಟಿನ ತಂತಿಯನ್ನೂ ಒಂದು ಡಿಶ್ಶನ್ನೂ ತೆಗೆದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ನಾನು ಅದನ್ನು ಇನ್ನಷ್ಟು ನುಣ್ಣಗೆ ಮಾಡಿದೆ.

ಖುಷಿ ತಡೆಯಲಾರದೆ ಚಿತ್ರವನ್ನು ನಮ್ಮ ಹವ್ಯಾಸಿ ಫೋಟೋಗ್ರಾಫರುಗಳ ವಾಟ್ಸಾಪ್ ಗುಂಪಿಗೂ ಕಳಿಸಿದೆ. ಅಲ್ಲಿಂದ ಅದು ಯಾರ ಯಾರ ಕೈಗೆ ಹೋಯಿತೋ, ಅಜ್ಜಿಗಾಗಿ ಐದಡಿ ಉದ್ದದ ಪ್ರಿಂಟು ತಯಾರಾಗಿ ಕಟ್ಟು ಹಾಕಿಸಿಕೊಂಡು ಬರುವ ಮೊದಲೇ ರಿಂಗ್ ರೋಡಿನ ಬೋರ್ಡಾಗಿ ನಿಂತಿತ್ತು. ನಾನು ಒದ್ದದ್ದು ಅದರ ಕಂಬಕ್ಕೇ.

ಬೋರ್ಡಿನ ಮೂಲೆಯಲ್ಲಿದ್ದ ವಿಳಾಸ ಓದಿದಾಗ ಇನ್ನೊಂದು ಏಟು ಬಿತ್ತು. ಅದು ಅಜ್ಜಿಯ ಮನೆಯ ಎದುರು ಎದ್ದುಬರುತ್ತಿದ್ದ ಅದೇ ಕಟ್ಟಡ. ಅಜ್ಜಿಗೆ ಬೆಟ್ಟ ಮುಚ್ಚುವವರು, ಅಜ್ಜಿಯ ತಾರಸಿಯಿಂದ ತೆಗೆದ ಬೆಟ್ಟವನ್ನೇ ತೋರಿಸಿ ಮನೆ ಮಾರುತ್ತಿದ್ದರು. ಮಾರನೆಯ ದಿನವೇ ಕಟ್ಟುಹಾಕಿದ ಪ್ರಿಂಟನ್ನು ಆಟೋದಲ್ಲಿ ಹೇರಿಕೊಂಡು ಬೋಗಾದಿಗೆ ಹೊರಟೆ. ಅಜ್ಜಿಗೆ ಕೊಡುವ ಮೊದಲು ಎದುರಿನ ಸೈಟ್ ಆಫೀಸಿಗೆ ನುಗ್ಗಿದೆ.

ಮ್ಯಾನೇಜರು ಐವತ್ತರ ಆಸುಪಾಸಿನ, ಬಹಳ ಮರ್ಯಾದಸ್ಥ ಮನುಷ್ಯ. ಬೈಯಲು ಬಂದವರಿಗೆ ಇದಕ್ಕಿಂತ ಕಷ್ಟ ಇನ್ನೊಂದಿಲ್ಲ.

“ಕೂತ್ಕೊಳ್ಳಿ ಮೇಡಂ. ಕಾಫಿ ತರಿಸ್ಲಾ?”

“ನನ್ನ ಫೋಟೋ ಯಾರನ್ನ ಕೇಳಿ ಹಾಕಿದ್ರಿ? ಅದೂ ಉಲ್ಟಾ?”

“ನಿಮ್ದಾ ಅದು? ಗ್ರೂಪಲ್ಲಿ ಬಂತು ಮೇಡಂ, ಯಾರ್ದು ಅಂತ ಇರ್ಲಿಲ್ಲ. ಬಹಳ ಚೆನ್ನಾಗಿದೆ. ಬೇಕಾದ್ರೆ ನಿಮ್ಮ ಹೆಸರು ಹಾಕಿಸ್ತೀವಿ.”

“ಹೆಸರು ಹಾಕಿದ್ರೆ ಬೋರ್ಡು ಹರೀತೀನಿ. ಉಲ್ಟಾ ಯಾಕೆ ಮಾಡಿದ್ರಿ ಹೇಳಿ.”

ಅವರು ಪೆನ್ನು ತೆಗೆದು ಒಂದು ಹಾಳೆಯ ಮೇಲೆ ನಾಲ್ಕು ದಿಕ್ಕು ಬರೆದು, ಮಗುವಿಗೆ ಹೇಳಿಕೊಡುವ ಹಾಗೆ ಹೇಳಿದರು. “ನೋಡಿ, ನಿಮ್ಮ ಫೋಟೋದಲ್ಲಿ ಕೆರೆ ಬಲಗಡೆ ಬರತ್ತೆ. ಅಂದ್ರೆ ಆಗ್ನೇಯ. ಬೆಂಕಿ ಮೂಲೇಲಿ ನೀರು! ನಮ್ಮ ವಾಸ್ತು ಗುರುಗಳು ಒಪ್ಲೇ ಇಲ್ಲ. ಮನೆ ತಗೊಳ್ಳೋರು ಬೋರ್ಡ್ ನೋಡೇ ವಾಪಸ್ ಹೋಗ್ತಾರೆ ಅಂದ್ರು. ನೀರು ಈಶಾನ್ಯದಲ್ಲಿರ್ಬೇಕು. ಅದಕ್ಕೆ ತಿರುಗಿಸಿದ್ವಿ, ಅಷ್ಟೆ.”

“ಕೆರೆ ಇರೋದೇ ಅಲ್ಲಿ ಕಣ್ರೀ!”

“ಕೆರೆ ಇರ್ಲಿ ಮೇಡಂ. ಬೋರ್ಡಲ್ಲಿ ಸರಿಯಾಗಿರ್ಬೇಕಲ್ಲ?”

ಸಾವಿರಾರು ವರ್ಷದಿಂದ ನಿಂತ ಬೆಟ್ಟಕ್ಕೆ ವಾಸ್ತು ದೋಷ! ಅದನ್ನು ಸರಿಪಡಿಸಲು ಒಂದು ಕಂಪ್ಯೂಟರು! ಕಿಟಕಿ ತೆರೆದರೆ ಕೆರೆ ಆಗ್ನೇಯದಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದೆ, ಇವರು ಬೋರ್ಡಿನಲ್ಲಿ ಅದನ್ನು ಈಶಾನ್ಯಕ್ಕೆ ಸಾಗಿಸಿದ್ದಾರೆ. ಇದು ಸುಳ್ಳು, ಮೋಸ, ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಯೋಗ್ಯತೆ ಇಲ್ಲದವರು ಬೆಟ್ಟದ ಸುದ್ದಿಗೇ ಬರಬಾರದು ಎಂದು ಮೇಜು ಕುಟ್ಟಿ ಹೇಳಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು.

“ನೀವೂ ಎಡಿಟ್ ಮಾಡಿರ್ತೀರಲ್ಲ ಮೇಡಂ?” ಎಂದರು ಕೊನೆಗೆ, ನಗುತ್ತ. “ಈ ಏರಿಯಾದಲ್ಲಿ ಒಂದೂ ಕರೆಂಟ್ ತಂತಿ ಇಲ್ದೆ ಫೋಟೋ ಬರೋದುಂಟೇ? ನೀವು ತಂತಿ ತೆಗೆದ್ರಿ, ನಾವು ಕೆರೆ ಸರಿಸಿದ್ವಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿ ನೋಡಿಕೊಳ್ಳಲಿಲ್ಲ. “ನಾನು ಕಸ ಗುಡಿಸ್ತೀನಿ, ಮನೆ ತಿರುಗಿಸಲ್ಲ” ಎಂದು ಹೇಳಿ, ಬಾಗಿಲನ್ನು ಧಡಾರನೆ ಎಳೆದುಕೊಂಡು ಹೊರಬಂದೆ. ಒಳ್ಳೆಯ ಮಾತು ಹೇಳಿದೆ ಎಂಬ ಹೆಮ್ಮೆ ರಸ್ತೆ ದಾಟುವವರೆಗೂ ಇತ್ತು.

ಅಜ್ಜಿ ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದರು. ಪ್ರಿಂಟನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಇಡೀ ಗೋಡೆ ಬೆಳಗಿತು. ಅಜ್ಜಿ ಕೈ ಒರೆಸಿಕೊಂಡು ಎದ್ದು ಬಂದು ಎಡತುದಿಯಿಂದ ನೋಡುತ್ತ ಬಂದರು. ಬೆಟ್ಟದ ಹತ್ತಿರ ಬಂದಾಗ ಕೈ ಮುಗಿದರು. ಆಮೇಲೆ ಬಲಕ್ಕೆ ಸರಿದು, ಕೆರೆಯ ಹತ್ತಿರ ನಿಂತು, ಕಣ್ಣು ಕಿರಿದು ಮಾಡಿ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿದರು. ಬೆರಳಿನಿಂದ ತೆಂಗಿನ ಮರಗಳನ್ನು ಎಣಿಸಿದರು. ಮತ್ತೆ ಎಣಿಸಿದರು.

“ಮರ ನಾಕೂ ಅವೆ. ಹೆಂಚೂ ಅದೆ” ಎಂದರು. “ಹೊಗೆ ಎಲ್ಲವ್ವ?”

“ಯಾವ ಹೊಗೆ?”

“ಆ ಮನೆ ಹೊಗೆ. ಅವತ್ತು ಇತ್ತು. ನಾ ನೋಡ್ದೆ. ನೀ ಪಟ ತೆಗೀವಾಗ ನಿನ್ ಪಕ್ಕದಾಗೇ ನಿಂತಿದ್ದೆ.”

ಚಿತ್ರಕ್ಕೆ ಅದು ಚೆನ್ನಾಗಿ ಕಾಣುತ್ತಿರಲಿಲ್ಲ, ಅದಕ್ಕೆ ತೆಗೆದುಬಿಟ್ಟೆ ಎಂದೆ. ಅಜ್ಜಿ ನನ್ನನ್ನು ನೋಡಿದ ನೋಟವನ್ನು ನಾನು ಬದುಕಿರುವವರೆಗೂ ಮರೆಯಲಾರೆ. ಸಿಟ್ಟಲ್ಲ. ನಾವೇ ನಂಬಿ ಒಳಗೆ ಬಿಟ್ಟುಕೊಂಡವರು ಏನನ್ನೋ ಎತ್ತಿಕೊಂಡು ಹೋದಾಗ ನೋಡುತ್ತಾರಲ್ಲ, ಹಾಗೆ. ಅವರು ಮತ್ತೆ ಸೊಪ್ಪಿನ ಮುಂದೆ ಕೂತು, ಸೊಪ್ಪು ಬಿಡಿಸುತ್ತಲೇ ಹೇಳಿದರು.

ಆ ಹೆಂಚಿನ ಮನೆ ಅವರ ಒಡಹುಟ್ಟಿದ ತಂಗಿಯದು. ಅವರವ್ವ ಲಿಂಗೈಕ್ಯರಾದಾಗ, ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಎಲ್ಲರೂ ಎದ್ದ ಮೇಲೆ, ಅವ್ವ ನೀರು ಕಾಯಿಸುತ್ತಿದ್ದ ತಾಮ್ರದ ಹಂಡೆಯನ್ನು ತಂಗಿ ಕೇಳದೆ ಗಾಡಿಗೆ ಹಾಕಿಕೊಂಡು ಹೋದಳು. ಅವ್ವನ ಕೊನೆಯ ದಿನಗಳಲ್ಲಿ ದಿನಾ ಆ ಹಂಡೆಯ ನೀರಿನಲ್ಲಿ ಮೈ ಒರೆಸಿದವರು ಇವರು. ನಿನ್ನ ಹೊಸಲು ತುಳಿಯುವುದಿಲ್ಲ ಎಂದು ಇವರು ಆಣೆ ಇಟ್ಟರು, ನಿನ್ನ ಮುಖ ನೋಡುವುದಿಲ್ಲ ಎಂದು ಅವಳು ಇಟ್ಟಳು. ಅಲ್ಲಿಂದ ಮಾತಿಲ್ಲ, ಕತೆಯಿಲ್ಲ, ಮದುವೆಮುಂಜಿಗೂ ಕರೆಯುವುದಿಲ್ಲ. ಯಾರನ್ನಾದರೂ ವಿಚಾರಿಸಿದರೆ, ಅಕ್ಕ ಕೇಳಿದಳು ಎಂದು ತಂಗಿಯ ಕಿವಿಗೆ ಮುಟ್ಟುತ್ತದಲ್ಲ, ಅದೂ ಆಗದು.

“ದಿನಾ ಹೊತ್ತಾರೆ ಅವ್ಳು ಆ ಹಂಡೆಗೆ ಉರಿ ಹಾಕ್ತಾಳೆ” ಎಂದರು ಅಜ್ಜಿ. “ಹೊಗೆ ಕಂಡ್ರೆ, ಎದ್ದವ್ಳೆ ಅಂತ. ಅಷ್ಟೆ. ಆಮ್ಯಾಕೆ ನಾ ಕೆಳೀಕ್ ಬತ್ತೀನಿ.”

ಐದು ಚಳಿಗಾಲ ಅವರ ಪಕ್ಕದಲ್ಲೇ ನಿಂತಿದ್ದವಳಿಗೆ ಅವರು ಯಾವ ಕಡೆ ನೋಡುತ್ತಾರೆ ಎಂಬುದು ಕಾಣಲಿಲ್ಲ. ಲೋಕಕ್ಕೆಲ್ಲ ಎಡಬಲ ಹೇಳಿಕೊಡಲು ಹೊರಟವಳು! ಎಲ್ಲಾ ಇರಬೇಕು, ಒಂದೂ ಬಿಡಬೇಡ ಎಂದು ಬಾಯಿಬಿಟ್ಟು ಹೇಳಿದ್ದರು. ಅವರಿಗೆ ಬೇಕಾದ ಒಂದೇ ಒಂದನ್ನು ಹುಡುಕಿ ಒರೆಸಿದ್ದೆ. ಆ ಮ್ಯಾನೇಜರನೇ ವಾಸಿ, ಅವನು ಎಲ್ಲವನ್ನೂ ತಿರುಗಿಸಿದ, ಏನನ್ನೂ ಅಳಿಸಲಿಲ್ಲ. ಅವನಿಗೆ ಹೀಗೆ ಮಾರ್ಕು ಕೊಡಬೇಕಾಗಿ ಬಂತಲ್ಲ ಎಂದು ಮತ್ತೆ ಸಿಟ್ಟು ಬಂತು.

ಅಷ್ಟೇ ಸಿಟ್ಟು ಅಜ್ಜಿಯ ಮೇಲೂ ಬಂತು, ಸುಳ್ಳು ಯಾಕೆ ಹೇಳಲಿ. “ಕೆರೆ ಏರಿ ಸುತ್ತಿ ಹೋದ್ರೆ ಅರ್ಧ ಗಂಟೆ ದಾರಿ ಅಜ್ಜಿ! ಒಂದು ಹಂಡೆಗೋಸ್ಕರ ಇಷ್ಟು ವರ್ಷಾನಾ?”

“ಹಂಡೆ ಅಲ್ಲ ಕಣವ್ವ. ಕೇಳ್ಬೋದಿತ್ತು ಅವ್ಳು. ಒಂದ್ ಮಾತು.” ಅಷ್ಟು ಹೇಳಿ ಸೊಪ್ಪಿನ ದಂಟು ಮುರಿದರು.

ಪುಣ್ಯಕ್ಕೆ ಮೂಲ ಒಂಬತ್ತು ಫ್ರೇಮುಗಳು ನನ್ನಲ್ಲಿ ಹಾಗೇ ಇದ್ದವು. ಆ ವಾರವೇ ಮತ್ತೆ ಹೊಲಿದೆ. ತಂತಿ, ಡಿಶ್ಶು ಎಲ್ಲ ವಾಪಸು ಬಂದವು. ಹೊಗೆಯನ್ನು ಮುಟ್ಟಲಿಲ್ಲ. ಆರನೆಯ ಫ್ರೇಮಿನದು ನೆಟ್ಟಗೆ, ಏಳನೆಯದರದು ವಾರೆಯಾಗಿ, ಎರಡೂ ಮುರಿದ ಹಾಗೆಯೇ ಉಳಿದವು. ಕೆಲಸ ಬಲ್ಲವರು ನೋಡಿದರೆ ನಗುತ್ತಾರೆ, ನಗಲಿ. ಹಳೆಯ ಪ್ರಿಂಟನ್ನು ಕಟ್ಟಿನಿಂದ ಬಿಚ್ಚಿ ಹೊಸದನ್ನು ಕೂರಿಸಿದಾಗ ಅಜ್ಜಿ ನೇರ ಬಲಗಡೆಗೇ ಹೋದರು.

“ಇವತ್ತು ಎರಡು ಒಲೆ ಹಚ್ಚವ್ಳೆ” ಎಂದರು. ಮುಖ ಅರಳಿತ್ತು. “ಯಾರೋ ನೆಂಟ್ರು ಬಂದಿರ್ಬೇಕು.”

ಅದು ನನ್ನ ಹೊಲಿಗೆಯ ಬಿರುಕು ಎಂದು ಹೇಳಲು ಬಾಯಿ ಬರಲಿಲ್ಲ.

ಮುಂಗಾರಿನ ಹೊತ್ತಿಗೆ ಎದುರಿನ ಕಟ್ಟಡ ಎರಡನೆಯ ಅಂತಸ್ತು ದಾಟಿತು. ದಸರೆ ಮುಗಿಯುವ ಹೊತ್ತಿಗೆ ಕೆರೆ, ತೆಂಗು, ಹೆಂಚು ಎಲ್ಲ ಗೋಡೆಯ ಹಿಂದೆ ಹೋಗಿದ್ದವು. ಈ ಡಿಸೆಂಬರಿನಲ್ಲಿ ನಾನು ಅಭ್ಯಾಸಬಲದಿಂದ ಹೋಗಿ ತಾರಸಿ ಹತ್ತಿದೆ. ಸೂರ್ಯ ಹುಟ್ಟಿದ್ದು ಸಿಮೆಂಟಿನ ಎರಡು ಕಂಬಗಳ ಸಂದಿನಿಂದ. ಟ್ರೈಪಾಡನ್ನು ಚೀಲದಿಂದ ತೆಗೆಯಲೂ ಇಲ್ಲ. ಬಾಯಿಗೆ ಬಂದದ್ದನ್ನೆಲ್ಲ ಬೈದು ಕೆಳಗಿಳಿದರೆ, ಅಜ್ಜಿ ಒಗೆದ ಸೀರೆ ಉಟ್ಟು, ವಿಭೂತಿ ಬಳಿದುಕೊಂಡು, ಶಾಲು ಹೊದ್ದು ನನ್ನ ಸ್ಕೂಟರಿನ ಪಕ್ಕದಲ್ಲಿ ನಿಂತಿದ್ದರು.

“ಕೆರೆ ಆಚೀಕ್ ಬುಡವ್ವ ನನ್ನ.”

ನಾನು ಚೀಲದಲ್ಲಿ ಸ್ಕೂಟರಿನ ಕೀ ಹುಡುಕಿದೆ.

“ದಿನಾ ಹೊತ್ತಾರೆ ನಿನ್ ಪಟದ ಮುಂದೆ ನಿಂತ್ಕತೀನಿ” ಎಂದರು. “ಹೊಗೆ ಅದೆ. ನಿನ್ನೇನೂ ಇತ್ತು, ಇವತ್ತೂ ಅದೆ, ನಾಳೀಕೂ ಇರ್ತದೆ. ಅವ್ಳು ಸತ್ರೂ ಇರ್ತದೆ. ಅದ್ನ ನೋಡಿ ನಾ ಎಂಗ್ ತಿಳ್ಕಳ್ಳಿ, ಅವ್ಳವ್ಳೋ ಇಲ್ವೋ ಅಂತ?”

ಅವರನ್ನು ಹಿಂದೆ ಒಂದೇ ಪಕ್ಕಕ್ಕೆ ಕೂರಿಸಿಕೊಂಡು ಕೆರೆ ಸುತ್ತಿ ಹೊರಟೆ. ದಾರಿಯುದ್ದಕ್ಕೂ ನನ್ನ ಭುಜ ಬಿಗಿಯಾಗಿ ಹಿಡಿದಿದ್ದರು. ಚಳಿ ಬಹಳ ಎಂದು ಅವರೇ ಎರಡು ಸಲ ಹೇಳಿದರು. ಹತ್ತು ನಿಮಿಷಕ್ಕೆ ನಾಲ್ಕು ತೆಂಗಿನ ಮರ ಬಂತು, ಹೆಂಚಿನ ಮನೆ ಬಂತು. ಅಜ್ಜಿ ಇಳಿದು ಬಾಗಿಲಿನ ಮುಂದೆ ನಿಂತು ಹೊಸಲನ್ನು ನೋಡಿದರು. ಆಮೇಲೆ ಸೆರಗು ಎಳೆದುಕೊಂಡು, ಮನೆಯ ಪಕ್ಕದ ಓಣಿಯಲ್ಲಿ ಹಿಂದಕ್ಕೆ ನಡೆದರು.

“ಹೊಸಲು ತುಳ್ಯಾಕಿಲ್ಲ ಅಂದಿದ್ದೆ” ಎಂದರು ನನ್ನತ್ತ ತಿರುಗಿ. “ಹಿತ್ಲಿಗೇನ್ ಹೊಸಲದಾ?”

ಹಿತ್ತಲಿನ ಬಚ್ಚಲುಮನೆಯ ಹೊರಗೋಡೆಗೆ ಸೇರಿದಂತೆ ಒಲೆ. ಅದರ ಮೇಲೆ ಮಸಿ ಹಿಡಿದು ಕರ್ರಗಾದ ಹಂಡೆ, ಬಾಯಿಯ ಅಂಚಿನಲ್ಲಿ ಮಾತ್ರ ತಾಮ್ರ ಹೊಳೆಯುತ್ತಿತ್ತು. ಮುಂದೆ ಕುಕ್ಕುರುಗಾಲಿನಲ್ಲಿ ಕೂತ ಮುದುಕಿಯೊಬ್ಬರು ತೆಂಗಿನ ಗರಿ ಮುರಿದು ಒಲೆಗೆ ತುರುಕಿ ಊದುತ್ತಿದ್ದರು. ಅಜ್ಜಿಯ ಹೆಜ್ಜೆ ಸಪ್ಪಳಕ್ಕೆ ತಲೆಯೆತ್ತಿದರು. ಅದೇ ಮೂಗು, ಅದೇ ಹಣೆ, ಅದೇ ವಿಭೂತಿ. ಒಲೆ ಚಟಪಟ ಎನ್ನುತ್ತಿತ್ತು.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಆ ಮನೆಯ ಸೊಸೆ ಬಂದಳು. ಬಂದವರು ಯಾರೆಂದು ಅವಳಿಗೆ ಗೊತ್ತಿಲ್ಲ. ನನ್ನ ಹೆಗಲಿನ ಚೀಲ ನೋಡಿ ಯಾವುದೋ ಆಫೀಸಿನವಳು ಎಂದುಕೊಂಡಳೋ ಏನೋ, ದೂರು ಹೇಳಲು ಶುರುಮಾಡಿದಳು.

“ನೀವಾರ ಹೇಳಿ ಮೇಡಂ ನಮ್ಮತ್ತೇಗೆ. ಮೇಲೆ ನೋಡಿ, ಸೋಲಾರ್ ಹಾಕ್ಸಿ ನಾಕು ವರ್ಸ ಆಯ್ತು. ನಲ್ಲಿ ತಿರುಗ್ಸಿದ್ರೆ ಸುಡುಸುಡು ನೀರು ಬತ್ತದೆ. ಆದ್ರೂ ದಿನಾ ಹೊತ್ತಾರೆ ಎದ್ದು ಈ ಒಲೆ ಹಚ್ಲೇಬೇಕು. ಆ ನೀರ್ನ ಯಾರೂ ಮುಟ್ಟದಿಲ್ಲ. ಗೋಡೆಯೆಲ್ಲ ಮಸಿ, ಬಟ್ಟೆಯೆಲ್ಲ ವಾಸ್ನೆ, ಇವ್ರಿಗೆ ಕೆಮ್ಮು ಬೇರೆ. ಯಾಕ್ ಹಚ್ತೀರಿ ಅಂತ ಕೇಳಿದ್ರೆ ಬಾಯೇ ಬುಡಾಕಿಲ್ಲ.”

ತಂಗಿ ಸೊಸೆಯ ಕಡೆ ತಿರುಗಲಿಲ್ಲ. ಹೊಗೆಗೆ ಕೆಂಪಾದ ಕಣ್ಣಿನಿಂದ ಅಕ್ಕನನ್ನೇ ನೋಡುತ್ತಿದ್ದರು. ಅವರ ದನಿಯಲ್ಲಿ ಇಷ್ಟು ವರ್ಷದ ಸಿಟ್ಟೂ ಇತ್ತು.

“ಸೋಲಾರಿಂದ ಹೊಗೆ ಬತ್ತದಾ?” ಎಂದರು.

ಅಜ್ಜಿ ಸೌದೆಯ ರಾಶಿಯ ಮೇಲೆ ಕೂತರು. ಒಂದು ಗರಿ ಎಳೆದು, ಮುರಿದು, ಒಲೆಗೆ ಹಾಕಿದರು. ನಾಲ್ಕು ಮರಗಳ ನಡುವಿನಿಂದ ಹೊಗೆ ನೆಟ್ಟಗೆ ಮೇಲೆದ್ದಿತು.

ಅದನ್ನು ಒರೆಸಲು ನನಗೆ ನಾಲ್ಕು ನಿಮಿಷ ಹಿಡಿದಿತ್ತು.